ದುರುಗಮ್ಮನ ಮಾತು

ಹೋದ ವಾರ ನ್ಯಾಮತಿಯ ನನ್ನ ಟೈಲರ್ ಅಂಗಡಿಗೆ ಬಂದ ಹೆಂಗಸೊಬ್ಬಳು ಕೈಚೀಲದ ತುಂಬ ತಂದಿದ್ದ ಶಾಲುಗಳನ್ನು ಕಟಿಂಗ್ ಟೇಬಲ್ ಮೇಲೆ ಸುರಿದಳು. "ನಮ್ಮ ಮಾವನೋರಿಗೆ ಸನ್ಮಾನ ಮಾಡ್ದಾಗ ಬಂದಿದ್ವು ಅಕ್ಕ. ಬೀರು ತುಂಬಿ ಹೋಗೈತೆ. ಹೊದ್ಕಳಾಕೂ ಬರಲ್ಲ, ನೆಲ ಒರೆಸಾಕೂ ಬರಲ್ಲ. ದಿಂಬಿನ ಕವರಾದ್ರೂ ಹೊಲ್ದುಕೊಡ್ರಿ" ಎಂದಳು. ಎಲ್ಲವೂ ಮೆರೂನ್ ಬಣ್ಣದ, ಜರಿಯಂಚಿನ, ಮುಟ್ಟಿದರೆ ಚರಚರ ಎನ್ನುವ ಪಾಲಿಸ್ಟರ್. ಒಂದರ ಮಡಿಕೆ ಬಿಡಿಸಿದೆ. ಒಣಗಿದ ಸುಗಂಧರಾಜದ ಎರಡು ಎಸಳು ಉದುರಿದವು. ಪನ್ನೀರು ಮತ್ತು ನುಸಿಗುಳಿಗೆ ಸೇರಿದ ವಾಸನೆ ಮೂಗಿಗೆ ಅಡರಿತು. ನನ್ನ ಮೈ ಉರಿಯಿತು.

ಪಾಪ, ಆ ಹೆಂಗಸಿನ ತಪ್ಪೇನೂ ಇರಲಿಲ್ಲ. ಅಳತೆ ಬರೆದುಕೊಂಡು ಅವಳನ್ನು ಕಳಿಸಿದೆ. ಆದರೆ ಇಡೀ ಮಧ್ಯಾಹ್ನ ಹೊಲಿಗೆ ನೆಟ್ಟಗೆ ಬರಲಿಲ್ಲ. ಹೋದ ವರ್ಷದ ಚಳಿಗಾಲ ತಲೆಯಲ್ಲಿ ಕೂತುಬಿಟ್ಟಿತ್ತು.

ದೀಪಾವಳಿ ಕಳೆದ ಮೇಲೆ ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನವರು ಒಂದು ವಾಟ್ಸಾಪ್ ಗ್ರೂಪ್ ಮಾಡಿದರು. ಇಪ್ಪತ್ತೈದು ವರ್ಷದ ನೆಪ. 'ಗುರುವಂದನೆ ಮತ್ತು ಸ್ನೇಹ ಸಮ್ಮಿಲನ' ಎಂದು ಹೆಸರು. ಈಗ ನಮ್ಮ ಕಡೆ ಯಾವ ಹೈಸ್ಕೂಲು ನೋಡಿದರೂ ಇದೇ ಸುಗ್ಗಿ. ಗ್ರೂಪಿನಲ್ಲಿ ಹೆಚ್ಚುಕಡಿಮೆ ಎಲ್ಲ ಗಂಡಸರೂ ಇದ್ದರು. ಹೆಂಗಸು ನಾನೊಬ್ಬಳೇ. ನನ್ನ ನಂಬರ್ ಅಂಗಡಿಯ ಬೋರ್ಡಿನ ಮೇಲಿತ್ತು, ಅದಕ್ಕೆ ಸಿಕ್ಕಿದ್ದೆ, ಅಷ್ಟೇ.

ಇದರ ಮುಂದಾಳು ಮಹೇಶ. ಶಾಲೆಯಲ್ಲಿ ಹಿಂದಿನ ಬೆಂಚಿನವನು, ಈಗ ಹೊನ್ನಾಳಿಯಲ್ಲಿ ಕಂಟ್ರಾಕ್ಟರು. ಮುಂದಿನ ಪಂಚಾಯತಿ ಚುನಾವಣೆಗೆ ನಿಲ್ಲುವ ಆಸೆ ಅವನಿಗೆ ಇತ್ತೆಂಬುದು ಊರಿಗೆಲ್ಲ ಗೊತ್ತಿತ್ತು. ಹೊನ್ನಾಳಿಯ ಅವನ ಆಫೀಸಿನಲ್ಲಿ ಮೊದಲ ಸಭೆ ಆಯಿತು. ಅರ್ಧ ದಿನ ಫ್ಲೆಕ್ಸಿನಲ್ಲಿ ಯಾರ ಫೋಟೋ ಎಷ್ಟು ದೊಡ್ಡದು ಎಂಬುದಕ್ಕೇ ಹೋಯಿತು. ಕೊನೆಗೆ ನಾನೇ ಕೇಳಿದೆ, "ನಮ್ಮ ಜೊತೆ ಓದಿದ ಹುಡುಗೀರನ್ನ ಕರೆಯಲ್ವಾ?"

"ಅದಕ್ಕೇ ಅಲ್ವೇನ್ರೀ ನಿಮ್ಮನ್ನ ಕಮಿಟಿಗೆ ಹಾಕಿರೋದು ಗಿರಿಜಾ. ಲೇಡೀಸ್ ಡಿಪಾರ್ಟ್‌ಮೆಂಟ್ ನಿಮ್ದು. ಹುಡುಕ್ರಿ" ಎಂದ ಮಹೇಶ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ನೆನೆದರೆ ಈಗ ನನಗೇ ಹೇಸಿಗೆಯಾಗುತ್ತದೆ.

ಹನ್ನೊಂದು ಹುಡುಗಿಯರಿದ್ದೆವು. ಹತ್ತು ಜನರನ್ನು ಹುಡುಕಬೇಕಿತ್ತು. ಗಂಡಸರನ್ನು ಹುಡುಕುವುದು ಸುಲಭ, ಇದ್ದ ಊರಲ್ಲೇ, ಇದ್ದ ಹೆಸರಲ್ಲೇ ಇರುತ್ತಾರೆ. ಮದುವೆಯಾಗಿ ಹೋದವರ ಊರು ಬೇರೆ, ಮನೆತನದ ಹೆಸರು ಬೇರೆ, ಫೋನು ಗಂಡನದೋ ಮಗನದೋ. ಡಿಸೆಂಬರ್ ತಿಂಗಳ ಭಾನುವಾರಗಳೆಲ್ಲ ನನಗೆ ಬಸ್ಸಿನಲ್ಲೇ ಕಳೆದವು. ಒಬ್ಬಳು ಸವಳಂಗದಲ್ಲಿ, ಇಬ್ಬರು ಹೊನ್ನಾಳಿಯಲ್ಲಿ, ಒಬ್ಬಳು ಚನ್ನಗಿರಿ ಪೇಟೆಯಲ್ಲಿ. ಕೆರೆಬಿಳಚಿಯಲ್ಲಿ ವಿಶಾಲಾಕ್ಷಿ ಸಿಕ್ಕಳು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು. ಮನೆಯಲ್ಲಿ ಅಡಿಕೆ ಸುಲಿಯುವ ಕೆಲಸ ನಡೆದಿತ್ತು. ಆಳುಗಳ ನಡುವೆ ಅವಳೂ ಕೂತು ಸುಲಿಯುತ್ತಿದ್ದಳು. ನನ್ನನ್ನು ನೋಡಿ ಎದ್ದು ಓಡಿಬಂದವಳು, ಕರೆಯೋಲೆ ನೋಡಿದ ಕೂಡಲೇ ಕೇಳಿದ ಮೊದಲ ಮಾತು, "ಎಷ್ಟೊತ್ತಿಗೆ ಬಿಡ್ತಾರೆ ಕಣೆ?"

ಮೊದಲು ಸಿಕ್ಕ ಒಂಬತ್ತೂ ಜನ ಇದನ್ನೇ ಕೇಳಿದರು. ಎಷ್ಟೊತ್ತಿಗೆ ಶುರು, ಎಷ್ಟೊತ್ತಿಗೆ ಮುಗಿಯುತ್ತೆ, ವಾಪಸ್ ಬಸ್ಸು ಐತಾ. ಎರಡನೇ ಪ್ರಶ್ನೆ, "ನಾವಲ್ಲಿ ಏನ್ ಮಾಡ್ಬೇಕು? ಸುಮ್ನೆ ಕೂತ್ಕಂಡು ಬರೋದಾ?" ನಾನು ಅಳತೆ ಬರೆಯುವ ಪುಸ್ತಕದಲ್ಲೇ ಎಲ್ಲ ಬರೆದುಕೊಂಡೆ. ಹೊನ್ನಾಳಿಗೆ ಹೋಗಿ ಮಹೇಶನ ಮುಂದೆ ಓದಿದೆ. ಹತ್ತಕ್ಕೆ ಶುರುವಾಗಲಿ. ಸನ್ಮಾನ ಅರ್ಧ ಗಂಟೆ. ಆಮೇಲೆ ವೇದಿಕೆ ಬೇಡ, ಕುರ್ಚಿಗಳನ್ನು ದುಂಡಗೆ ಹಾಕಿ ಒಂದೊಂದು ಕಡೆ ಏಳೆಂಟು ಜನ ಕೂತು ಮಾತಾಡೋಣ. ಮೂರಕ್ಕೆ ಬಿಟ್ಟರೆ ಜಗಳೂರಿನವರಿಗೂ ದಾವಣಗೆರೆಯಿಂದ ಬಸ್ಸು ಸಿಗುತ್ತದೆ.

"ಆಯ್ತಾಯ್ತು, ಹಂಗೇ ಮಾಡಣ" ಎಂದ. ಅವನ ಕಣ್ಣು ಮೊಬೈಲಿನಲ್ಲಿತ್ತು.

ಜಗಳೂರಿನವಳು ಎಂದರೆ ದುರುಗಮ್ಮ. ಅವಳನ್ನು ಕೊನೆಗೆ ಇಟ್ಟುಕೊಂಡಿದ್ದೆ. ದೂರ ಎಂದು ಎಲ್ಲರಿಗೂ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅವಳ ಮುಖ ನೋಡಲು ಭಯ.

ನಾವು ಹತ್ತನೇ ಕ್ಲಾಸಿನಲ್ಲಿದ್ದಾಗ ಬೀಳ್ಕೊಡುಗೆಯ ದಿನ ವಿದ್ಯಾರ್ಥಿಗಳ ಪರವಾಗಿ ಒಬ್ಬರು ಮಾತಾಡಬೇಕಿತ್ತು. ದುರುಗಮ್ಮನಷ್ಟು ಚೆನ್ನಾಗಿ ಕನ್ನಡ ಬರೆಯುವವರು ಇಡೀ ಶಾಲೆಯಲ್ಲಿ ಇರಲಿಲ್ಲ. ಅವಳೇ ಎರಡು ಹಾಳೆ ಬರೆದು ತಂದಳು. ಹಿಂದಿನ ದಿನ ಕನ್ನಡ ಮೇಷ್ಟ್ರು ಆ ಹಾಳೆಗಳನ್ನು ಓದಿ, "ಭಾಳ ಚೆನ್ನಾಗೈತೆ" ಎಂದು ನನ್ನ ಕೈಗೆ ಕೊಟ್ಟರು. "ಗಿರಿಜಾ, ನೀನು ಓದು. ಊರಿನ ಹಿರೇರೆಲ್ಲ ಬಂದು ಕೂತಿರ್ತಾರೆ, ಸ್ಟೇಜ್ ಮೇಲೆ ನೀನಾದ್ರೆ ಒಪ್ಪುತ್ತೆ" ಎಂದರು. ದುರುಗಮ್ಮನ ಕಡೆ ತಿರುಗಿ, "ನೀನು ಹಿಂದೆ ಕುರ್ಚಿ ನೋಡ್ಕೋ" ಎಂದರು. ನಾನು ಯಾಕೆ ಒಪ್ಪುತ್ತೇನೆ, ಅವಳು ಯಾಕೆ ಒಪ್ಪುವುದಿಲ್ಲ ಎಂದು ನಮ್ಮಿಬ್ಬರಿಗೂ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಲಿಂಗಾಯತರ ಕೇರಿಯವಳು. ಅವಳು ಊರ ಹೊರಗಿನ ಕಾಲೋನಿಯವಳು. ನಾನು ಓದಿದೆ. ಸಭೆಯಲ್ಲಿದ್ದವರು ಕಣ್ಣೊರೆಸಿಕೊಂಡರು. ಹೆಡ್ಮೇಷ್ಟ್ರು ಬೆನ್ನು ತಟ್ಟಿದರು. ನನಗೆ ನಾಚಿಕೆಯಾಗಲಿಲ್ಲ. ಖುಷಿಯಾಯಿತು. ಅದನ್ನೂ ಬರೆಯಬೇಕು, ಇಲ್ಲದಿದ್ದರೆ ಈ ಸಿಟ್ಟಿಗೆ ಅರ್ಥವಿಲ್ಲ.

ಜಗಳೂರಿನಿಂದಾಚೆ ಟಂಟಂ ಆಟೊ ಹತ್ತಿ ಹೋದೆ. ಡಾಂಬರು ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರು, ಗಾಡಿಗಳು ಉಳಿದರ್ಧದಲ್ಲಿ ನುಸುಳಿಕೊಂಡು ಓಡಾಡುತ್ತಿದ್ದವು. ದುರುಗಮ್ಮ ಈಗ ಆಶಾ ಕಾರ್ಯಕರ್ತೆ. ಗುಲಾಬಿ ಸೀರೆಯುಟ್ಟು, ಕಂಕುಳಲ್ಲಿ ರಿಜಿಸ್ಟರ್ ಇಟ್ಟುಕೊಂಡು ಯಾವುದೋ ಬಾಣಂತಿಯ ಮನೆಯಿಂದ ಬರುತ್ತಿದ್ದವಳು ನನ್ನನ್ನು ನೋಡಿ ನಿಂತಳು.

"ಬರ್ರಿ ಮೇಡಂ" ಎಂದಳು.

"ಮೇಡಂ ಅಂತೀಯಲ್ಲೇ, ನಾನು ಗಿರಿಜಾ."

"ಗೊತ್ತಾತು. ಗುರುತು ಸಿಕ್ಕೇ ಮೇಡಂ ಅಂದಿದ್ದು."

ಮನೆಯೊಳಗೆ ಕೂರಿಸಿ ಕೇಳಿದಳು, "ಟೀ ಮಾಡ್ಲಾ, ಇಲ್ಲ ಅಂಗಡಿಯಿಂದ ಬಿಸ್ಕತ್ ಪ್ಯಾಕೆಟ್ ತರಿಸ್ಲಾ? ನಿಮ್ಮ ಕಡೆಯೋರು ಬಂದ್ರೆ ಪ್ಯಾಕೆಟ್ಟೇ ಮುಟ್ಟೋದು."

"ಟೀ ಮಾಡು" ಎಂದೆ.

ಕರೆಯೋಲೆಯನ್ನು ಎರಡು ಸಲ ಓದಿದಳು. ಸನ್ಮಾನಿತರ ಪಟ್ಟಿಯಲ್ಲಿ ಕನ್ನಡ ಮೇಷ್ಟ್ರ ಹೆಸರು ಮೊದಲಿತ್ತು. ಅದರ ಮೇಲೆ ಬೆರಳಿಟ್ಟು ಕೇಳಿದಳು, "ಇವರು ಬರ್ತಾರಾ?"

"ಬರ್ತಾರೆ."

"ಹಂಗಾದ್ರೆ ನಾನೂ ಬರ್ತೀನಿ. ಐದು ನಿಮಿಷ ಮಾತಾಡಾಕೆ ಬಿಡಿಸ್ರಿ. ಅವರು ಎದುರಿಗೆ ಕೂತಿರ್ಬೇಕು."

"ಬೈತೀಯೇನೆ?"

"ಬೈಯಾಕೆ ಅಷ್ಟು ದೂರ ಯಾಕೆ ಬರ್ಲಿ? ಅವತ್ತು ಬರೆದಿದ್ದು ನಾನು ಅಂತ ಹೇಳ್ತೀನಿ. ಇಳಿದು ಬಂದು ಉಂಡು ಬಸ್ ಹತ್ತೀನಿ. ಅಷ್ಟೇ ನಂಗೆ ಬೇಕಿರೋದು."

ನಾನು ಮಾತು ಕೊಟ್ಟೆ. ಕಾರ್ಯಕ್ರಮದ ಪಟ್ಟಿಯಲ್ಲಿ 'ಅನಿಸಿಕೆ: ಶ್ರೀಮತಿ ದುರುಗಮ್ಮ' ಎಂದು ಅಚ್ಚು ಹಾಕಿಸಿದೆ. ಅಚ್ಚಾದ ಮೇಲೆ ಇನ್ನೇನು ಎಂದು ನಂಬಿದೆ.

ಜನವರಿಯ ಒಂದು ಭಾನುವಾರ ಸಮ್ಮಿಲನ. ಶಾಲೆಯ ಮೈದಾನದಲ್ಲಿ ಶಾಮಿಯಾನ. ಗೇಟಿನಲ್ಲಿ ಮಹೇಶನ ಆಳೆತ್ತರದ ಫ್ಲೆಕ್ಸು, ಪಕ್ಕದಲ್ಲಿ ಅಂಗೈಯಗಲದ ಮೇಷ್ಟ್ರುಗಳು. ವೇದಿಕೆ ಮೇಲೆ ಇದ್ದ ಕುರ್ಚಿಗಳು ನಮ್ಮ ಬ್ಯಾಚಿನ ಹೆಂಗಸರ ಎರಡರಷ್ಟಿದ್ದವು. ಕೆಳಗೆ ಸಾಲುಸಾಲು ಕುರ್ಚಿ, ಎಲ್ಲವೂ ವೇದಿಕೆಗೆ ಮುಖ ಮಾಡಿ. ದುಂಡಗೆ ಒಂದೂ ಇರಲಿಲ್ಲ. "ಶಾಮಿಯಾನದೋರು ಹಾಕಿ ಹೋದ್ರು, ಈಗೆಲ್ಲಿ ಬದಲಾಯಿಸೋದು" ಎಂದರು. ಇಪ್ಪತ್ತೈದು ವರ್ಷದ ಮೇಲೆ ಸೇರಿದವರು ಒಬ್ಬರ ಬೆನ್ನನ್ನು ಇನ್ನೊಬ್ಬರು ನೋಡುತ್ತ ಕೂತೆವು. ಹೆಂಗಸರಿಗೆ ಎಡಗಡೆ ಹಿಂದಿನ ಎರಡು ಸಾಲು.

ಹತ್ತಕ್ಕೆ ಅಂದದ್ದು ಹನ್ನೆರಡಾದರೂ ಶುರುವಾಗಲಿಲ್ಲ. ಯಾರೋ ಮುಖಂಡರು ಬರಬೇಕಂತೆ. ಅವರ ಕಾರು ಬರುವವರೆಗೆ ಸೌಂಡ್ ಬಾಕ್ಸಿನಲ್ಲಿ ಹಾಡು ಎಷ್ಟು ಜೋರಾಗಿ ಹಾಕಿದ್ದರೆಂದರೆ ವಿಶಾಲಾಕ್ಷಿ ನನ್ನ ಕಿವಿಗೆ ಬಾಯಿಟ್ಟು "ನಿನ್ ಮಗಳು ಏನ್ ಓದ್ತಾಳೆ?" ಎಂದು ಮೂರು ಸಲ ಕೂಗಬೇಕಾಯಿತು. ಆಮೇಲೆ ಮುಖಂಡರು ಬಂದರು. ಹಾರ, ಪೇಟ, ಶಾಲು, ಹಣ್ಣಿನ ಬುಟ್ಟಿ. ಒಬ್ಬೊಬ್ಬರಿಗೂ ಹೊದಿಸುವುದು, ನಿಲ್ಲುವುದು, ಫೋಟೋ, ಮತ್ತೊಮ್ಮೆ ಫೋಟೋ. ನಮ್ಮ ಶಾಲೆಯ ಮೆಟ್ಟಿಲನ್ನೇ ಹತ್ತದವರು ಸ್ನೇಹದ ಮೇಲೆ, ಗುರುವಿನ ಮೇಲೆ ಮುಕ್ಕಾಲು ಗಂಟೆ ಮಾತಾಡಿದರು. ಹಿಂದಿನ ಸಾಲಿನಲ್ಲಿ ದುರುಗಮ್ಮ ನೆಟ್ಟಗೆ ಕೂತಿದ್ದಳು. ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟವಳು.

ಎರಡೂವರೆ ಆಯಿತು. ನಾನು ವೇದಿಕೆಯ ಪಕ್ಕಕ್ಕೆ ಹೋಗಿ ಮಹೇಶನಿಗೆ ಪಟ್ಟಿ ತೋರಿಸಿದೆ. "ಅನಿಸಿಕೆ ಉಳಿದೈತೆ. ದುರುಗಮ್ಮನ್ನ ಕರೀರಿ."

"ಎಲ್ಲಿ ಟೈಮ್ ಐತ್ರೀ? ಸಾಹೇಬ್ರು ಹೊರಡ್ಬೇಕು, ಅಡುಗೆ ಆರ್ತೈತೆ. ಅನಿಸಿಕೆ ಎಲ್ಲ ಗ್ರೂಪಲ್ಲಿ ಹಾಕ್ಲಿ ಬಿಡ್ರಿ. ನೀವು ವಂದನಾರ್ಪಣೆ ಮಾಡಿ ಮುಗಿಸ್ರಿ."

ವಂದನಾರ್ಪಣೆ ನನ್ನದು. ಪ್ರಾರ್ಥನೆ ಇಲ್ಲವೇ ವಂದನಾರ್ಪಣೆ, ಹೆಂಗಸರಿಗೆ ಇವೆರಡನ್ನು ಬಿಟ್ಟು ಏನು ಕೊಟ್ಟಿದ್ದಾರೆ? ಶಾಮಿಯಾನದವರಿಂದ ಹಿಡಿದು ಮುಖಂಡರ ಡ್ರೈವರ್‌ವರೆಗೆ ಹೆಸರುಗಳ ಚೀಟಿ ನನ್ನ ಕೈಯಲ್ಲಿತ್ತು. ಮೈಕಿನ ಮುಂದೆ ನಿಂತೆ.

"ನಾನು ಯಾರಿಗೂ ವಂದನೆ ಹೇಳುವುದಿಲ್ಲ" ಎಂದೆ. "ಇಪ್ಪತ್ತೈದು ವರ್ಷದ ಹಿಂದೆ ಇದೇ ಜಾಗದಲ್ಲಿ ನಾನೊಂದು ಭಾಷಣ ಓದಿದೆ. ಅದು ನನ್ನದಲ್ಲ. ಅದನ್ನು ಬರೆದದ್ದು ದುರುಗಮ್ಮ. ಅಲ್ಲಿ ಹಿಂದೆ ಕೂತಿದ್ದಾಳೆ. ಅವಳ ಜಾತಿ ನೋಡಿ ಅವಳ ಕೈಯಿಂದ ಕಿತ್ತು ನನ್ನ ಕೈಗೆ ಕೊಟ್ಟಿರಿ, ಮೇಷ್ಟ್ರೇ. ನಾನು ನಾಚಿಕೆಯಿಲ್ಲದೆ ಓದಿದೆ. ಇವತ್ತು ಮತ್ತೆ ಅವಳನ್ನು ಕರೆಸಿ ಮಾತಾಡಲು ಬಿಡದೆ…"

ಅಷ್ಟರಲ್ಲಿ ಮಹೇಶ ಮೈಕನ್ನು ಕಿತ್ತುಕೊಂಡ. ಹಲ್ಲು ಬಿಟ್ಟು ನಗುತ್ತ, "ಎಲ್ಲರೂ ದಯಮಾಡಿ ಊಟಕ್ಕೆ ಬರಬೇಕು, ಮೊದಲು ಗುರುಗಳಿಗೆ ದಾರಿ ಬಿಡಬೇಕು" ಎಂದ. ಕುರ್ಚಿಗಳು ಕರಕರ ಎಂದವು. ಒಂದು ನಿಮಿಷದಲ್ಲಿ ಇಡೀ ಸಭೆ ಎದ್ದು ಊಟದ ಪೆಂಡಾಲಿನ ಕಡೆ ಹೊರಟಿತು. ಶಾಲು ಹೊದ್ದ ಮೇಷ್ಟ್ರು ಪಕ್ಕದವರನ್ನು ಕೇಳುತ್ತಿದ್ದರು, "ಏನಂದ್ಲು ಆ ಹುಡುಗಿ?" ಅವರಿಗೆ ಕಿವಿ ಮಂದ. ಯಾರೋ ಜೋರಾಗಿ ಹೇಳಿದರು, "ನಿಮ್ಮನ್ನ ಹೊಗಳಿದ್ಲು ಸಾರ್." ಮೇಷ್ಟ್ರು ನನಗೆ ಕೈಯೆತ್ತಿ ಆಶೀರ್ವಾದ ಮಾಡಿದರು.

ದುರುಗಮ್ಮ ಊಟಕ್ಕೆ ಹೋಗಿರಲಿಲ್ಲ. ಗೇಟಿನಾಚೆ ಬಸ್ಸಿಗೆ ಕಾಯುತ್ತ ನಿಂತಿದ್ದಳು. ನಾನು ಓಡಿದೆ. ಸಾಧಿಸಿದವಳ ಹಾಗೆ ಓಡಿದೆ ಎಂದು ಈಗ ಅನಿಸುತ್ತದೆ. ಅವಳು ತಬ್ಬಿಕೊಳ್ಳುತ್ತಾಳೆ ಎಂದುಕೊಂಡಿದ್ದೆ.

"ಇನ್ನೊಂದ್ ಸಲ ಅದನ್ನೇ ಮಾಡಿದೆ" ಎಂದಳು. ಮೇಡಂ ಹೋಗಿ ಏಕವಚನ ಬಂದಿತ್ತು. "ಅವತ್ತು ನಾನು ಬರೆದಿದ್ದು ಓದಿದೆ. ಇವತ್ತು ನಾನು ಆಡ್ಬೇಕಾಗಿದ್ದು ಆಡಿದೆ. ನಾನೇನು ಮೂಗೀನಾ?"

"ಟೈಮಿಲ್ಲ ಅಂದ್ರು ಕಣೆ. ನಾನಾದ್ರೂ ಹೇಳ್ಳಿ ಅಂತ…"

"ಮೈಕು ನಿನ್ ಕೈಲಿತ್ತು. ಕೆಳಗಿಳಿದು ತಂದು ನನ್ ಕೈಗೆ ಕೊಡಾಕೆ ಏನಾಗಿತ್ತು?"

"ಮಹೇಶ ಕಿತ್ಕಂತಿದ್ದ."

"ಕಿತ್ಕಳ್ಳಿ! ನನ್ನ ಕೈಯಿಂದ ಕಿತ್ಕಬೇಕಿತ್ತು. ಎಲ್ರೂ ನೋಡ್ತಿದ್ರು. ಈಗ ಏನ್ ನೋಡಿದ್ರು? ಗಿರಿಜಾ ಎಷ್ಟು ಒಳ್ಳೇಳು ಅಂತ ನೋಡಿದ್ರು."

ಬಸ್ಸು ಬಂತು. ಹತ್ತಿ ಹೋದಳು. ನಾನು ರಸ್ತೆಯಲ್ಲಿ ನಿಂತೇ ಇದ್ದೆ. ಆ ಹೊತ್ತು ಮಹೇಶನ ಮೇಲೆ, ಮೇಷ್ಟ್ರ ಮೇಲೆ, ಅನ್ನಕ್ಕೆ ಸಾಲು ನಿಂತಿದ್ದ ಅಷ್ಟೂ ಜನರ ಮೇಲೆ ಇದ್ದ ಸಿಟ್ಟೆಲ್ಲ ತಿರುಗಿ ನನಗೇ ಬಂದು ಬಡಿಯಿತು. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮೈಕು ಕೆಳಗೆ ಒಯ್ಯಬಹುದು ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ.

ಮಾರನೆಯ ದಿನ ಗ್ರೂಪಿನಿಂದ ನನ್ನನ್ನು ತೆಗೆದುಹಾಕಿದರು. 'ಅಭೂತಪೂರ್ವ ಸ್ನೇಹ ಸಮ್ಮಿಲನ' ಎಂದು ಪತ್ರಿಕೆಯಲ್ಲಿ ಸುದ್ದಿ ಬಂತಂತೆ. ಮಹೇಶನ ಹೆಂಡತಿ ಹೊಲಿಯಲು ಕೊಟ್ಟಿದ್ದ ಬ್ಲೌಸ್ ಬಟ್ಟೆಗಳನ್ನು ಯಾರನ್ನೋ ಕಳಿಸಿ ವಾಪಸ್ ತರಿಸಿಕೊಂಡಳು. ಅದಕ್ಕೆ ನಾನು ಬೇಸರಪಡಲಿಲ್ಲ. ದುರುಗಮ್ಮನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮೂರು ವಾರ ಎತ್ತಲಿಲ್ಲ. ಕ್ಷಮೆ ಕೇಳಲು ಮಾಡುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು, ಅದಕ್ಕೇ ಎತ್ತಲಿಲ್ಲ ಎಂದುಕೊಂಡೆ. ಆಮೇಲೆ ಒಂದು ಮೆಸೇಜು ಹಾಕಿದೆ. "ಹನ್ನೊಂದು ಜನ ಇನ್ನೊಂದು ಸಲ ಸೇರಬೇಕು. ಹೇಗೆ ಸೇರಬೇಕು, ನೀನು ಹೇಳು."

ಸಂಜೆ ಅವಳೇ ಫೋನ್ ಮಾಡಿದಳು.

"ನನ್ನೂರಿಗೆ ಬರ್ರಿ. ಯಾವಾಗ್ಲೂ ಜಗಳೂರಿನೋಳೇ ಬಸ್ ಹತ್ಬೇಕಾ? ನಮ್ಮನೇಲಿ ಊಟ. ಉಣ್ಣಾಕೆ ಆಗದಿದ್ದೋರು ಬರೋದು ಬ್ಯಾಡ, ಫೋನಲ್ಲೇ ಹೇಳ್ಬಿಡು. ಫೋಟೋ ತೆಗಿಯಾಂಗಿಲ್ಲ. ಇನ್ನೊಂದು, ಒಬ್ರು ಮಾತಾಡ್ತಿರೋವಾಗ ಅವರ ಮಾತನ್ನ ಇನ್ನೊಬ್ರು ಮುಗಿಸಾಂಗಿಲ್ಲ."

ಕೊನೆಯದು ಯಾರಿಗೆ ಹೇಳಿದ್ದೆಂದು ನನಗೆ ತಿಳಿಯಿತು.

ಮತ್ತೆ ಒಂಬತ್ತು ಫೋನು. ಈ ಸಲ ಬಸ್ಸಿನ ವೇಳೆಯನ್ನು ಮೊದಲೇ ಹೇಳಿದೆ. ಆಮೇಲೆ ಊಟದ ವಿಷಯ ಹೇಳಿದೆ. ಒಬ್ಬಳಿಗೆ ಅವತ್ತೇ ಸೋಮವಾರದ ಉಪವಾಸ ನೆನಪಾಯಿತು, ನಾನು ಹೇಳಿದ್ದು ಭಾನುವಾರ. ಒಬ್ಬಳು ಮನೆದೇವರ ಹೆಸರು ಹೇಳಿದಳು. ಒಬ್ಬಳು, "ನಂದೇನಿಲ್ಲ ಕಣೆ, ನಮ್ಮನೇರು…" ಎಂದು ನಿಲ್ಲಿಸಿದಳು. ಶಾಲೆಯಲ್ಲಿ ಒಂದೇ ನೆಲ್ಲಿಕಾಯಿಯನ್ನು ಕಚ್ಚಿ ಹಂಚಿಕೊಂಡವರು ಇವರೇ. ಆಗಲೂ ಆ ಹಂಚಿಕೆಯಲ್ಲಿ ದುರುಗಮ್ಮ ಇದ್ದಳೇ ಎಂದು ನೆನಪು ಮಾಡಿಕೊಂಡೆ. ಇರಲಿಲ್ಲ.

ಫೆಬ್ರವರಿ ಕೊನೆಯಲ್ಲಿ ನಾವು ಐದು ಜನ ಹೋದೆವು. ಚಳಿ ಹಿಂದಾಗಿ ಬಿಸಿಲು ಏರತೊಡಗಿತ್ತು. ದುರುಗಮ್ಮನ ನಡುಮನೆಯಲ್ಲಿ ಎರಡು ಚಾಪೆ ಹಾಸಿತ್ತು. ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಸುತ್ತ ಕೂತೆವು. ಯಾರೂ ಸ್ವಾಗತ ಭಾಷಣ ಮಾಡಲಿಲ್ಲ. ಸವಳಂಗದವಳು ತನ್ನ ಗರ್ಭಕೋಶ ತೆಗೆಸಿದ್ದನ್ನು ಹೇಳಲು ಶುರು ಮಾಡಿದಳು. ದುರುಗಮ್ಮ ರಿಜಿಸ್ಟರ್ ಹಿಡಿದು ಮನೆಮನೆ ಸುತ್ತಿದವಳು, ಕೇಳುವುದು ಅವಳಿಗೆ ಗೊತ್ತಿತ್ತು. ಸವಳಂಗದವಳು ನಡುನಡುವೆ ಅಳುತ್ತ ನಿಂತಾಗ ನನ್ನ ಬಾಯಿ ತೆರೆಯುತ್ತಿತ್ತು. ದುರುಗಮ್ಮ ನನ್ನ ಕಡೆ ನೋಡುತ್ತಿದ್ದಳು. ಮುಚ್ಚಿಕೊಳ್ಳುತ್ತಿದ್ದೆ. ಸವಳಂಗದವಳು ತಾನಾಗಿಯೇ ಮುಗಿಸಿದಳು, ಹತ್ತು ನಿಮಿಷ ಹಿಡಿಯಿತು. ಅಷ್ಟನ್ನು ಅವಳು ತನ್ನ ಅಕ್ಕನ ಮುಂದೂ ಹೇಳಿರಲಿಲ್ಲವಂತೆ.

ಊಟದ ಹೊತ್ತಿಗೆ ವಿಶಾಲಾಕ್ಷಿ ಬ್ಯಾಗಿನಿಂದ ಸ್ಟೀಲ್ ಡಬ್ಬಿ ತೆಗೆದಳು. "ನಂಗೆ ಶುಗರ್ ಐತೆ ಕಣ್ರೆ, ಅತ್ತೆ ಚಪಾತಿ ಕಟ್ಟಿದ್ರು" ಎಂದಳು, ಯಾರ ಮುಖವನ್ನೂ ನೋಡದೆ. ನನಗೆ ತಲೆ ಕೆಟ್ಟಿತು. "ಫೋನಲ್ಲಿ ಹ್ಞೂಂ ಅಂದ್ಯಲ್ಲೇ…" ಎಂದು ಏರಿಹೋದೆ.

"ಗಿರಿಜಾ, ನೀನು ಸುಮ್ನಿರು" ಎಂದಳು ದುರುಗಮ್ಮ. "ಇದು ನನ್ನ ಜಗಳ." ಆಮೇಲೆ ವಿಶಾಲಾಕ್ಷಿಗೆ, ದನಿ ಏರಿಸದೆ ಹೇಳಿದಳು, "ಶುಗರ್ ಇದ್ದೋರಿಗೆ ಜೋಳದ ರೊಟ್ಟಿನೇ ಒಳ್ಳೇದು ಅಂತ ನಾನು ದಿನಾ ಮನೆಮನೇಗೆ ಹೇಳ್ತೀನಿ. ಡಬ್ಬಿ ಬಿಚ್ಚೋದಾದ್ರೆ ಹೊರಗೆ ಕಟ್ಟೆ ಐತೆ. ನನ್ನ ಮನೆ ಒಳಗೆ ಬ್ಯಾಡ."

ವಿಶಾಲಾಕ್ಷಿ ಡಬ್ಬಿ ಹಿಡಿದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು. ಬಾಗಿಲಿನಿಂದ ಅವಳ ಬೆನ್ನು ಕಾಣುತ್ತಿತ್ತು. ಡಬ್ಬಿ ಬಿಚ್ಚಲಿಲ್ಲ, ಒಳಗೂ ಬರಲಿಲ್ಲ. ಹಸಿದುಕೊಂಡೇ ಕೆರೆಬಿಳಚಿಗೆ ವಾಪಸ್ ಹೋದಳು. ಅವಳಿಗಾಗಿ ಮರುಗಬೇಕೋ ಬೇಡವೋ ನನಗೆ ಇವತ್ತಿಗೂ ತಿಳಿದಿಲ್ಲ.

ಉಳಿದವರು ಸಾಲಾಗಿ ಕೂತಿದ್ದರು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನಾನು ಕೈ ತೊಳೆಯಲು ಹಿತ್ತಲಿಗೆ ಹೋದೆ. ದುರುಗಮ್ಮ ಚೊಂಬಿನಿಂದ ನೀರು ಹಾಕಿದಳು. ಬೀಳ್ಕೊಡುಗೆಯ ಮಾತನ್ನು ಬೆಳಗಿನಿಂದ ಅವಳು ಎತ್ತಿರಲಿಲ್ಲ. ಎತ್ತುವ ಹಾಗೆಯೂ ಕಾಣಲಿಲ್ಲ. ನನಗೆ ತಡೆಯಲಾಗಲಿಲ್ಲ.

"ನನ್ನ ಮೇಲಿನ ಸಿಟ್ಟು ಹೋಯ್ತೇನೆ?"

"ಇಲ್ಲ" ಎಂದಳು. ನೀರು ಹಾಕುವುದನ್ನು ನಿಲ್ಲಿಸಲಿಲ್ಲ. "ಒಂದು ಊಟಕ್ಕೆ ಹೋಗೋ ಸಿಟ್ಟಲ್ಲ ಅದು. ನೀನು ಬರ್ತಿರು, ನೋಡಣ. ಈಗ ನಡಿ, ರೊಟ್ಟಿ ಆರ್ತೈತೆ."

ಹೋಗಿ ಚಾಪೆಯ ಮೇಲೆ ಕೂತೆ. ಅವಳು ಬಂದು ನನ್ನ ಎದುರಿಗೆ ಕೂತಳು.